ನಿಂಬೆ ಉಜ್ಜಿದ ಕೈ

ಅವರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಬೋಳು ಬೆರಳಿಗೂ ಬಿಡದೆ ಅವರು ನಿಂಬೆಹಣ್ಣಿನ ಹೋಳು ಉಜ್ಜುತ್ತಿದ್ದರು. ನಾನು ಅಂಗಡಿಯ ಗಾಜಿನ ಬಾಗಿಲು ದೂಡಿದ್ದು ಕಂಡರೆ ಸಾಕು, ಕತ್ತಿ ಕೆಳಗಿಟ್ಟು, ಕೈ ತೊಳೆದು, ನಿಂಬೆ ಉಜ್ಜಿ, ಮತ್ತೆ ತೊಳೆದು ಬೈರಾಸಿನಲ್ಲಿ ಒರೆಸಿಕೊಂಡ ಮೇಲೆಯೇ ಮೊದಲೇ ಕಟ್ಟಿಟ್ಟ ನನ್ನ ಪೊಟ್ಟಣಕ್ಕೆ ಕೈ ಹಾಕುವುದು. ಅಷ್ಟು ಹೊತ್ತು ಬೇರೆ ಗಿರಾಕಿಗಳು ಕಾಯಬೇಕಿತ್ತು.

ಅವರು ಭಟ್ಕಳದವರು. ದುಬೈಯ ಅಲ್ ಕುಸೈಸ್‌ನಲ್ಲಿ ನಮ್ಮ ಕಟ್ಟಡದ ಹಿಂದೆಯೇ ಅವರ ಮಾಂಸದಂಗಡಿ. ನಾನು ಸಾಹೇಬ್ರೇ ಎನ್ನುತ್ತಿದ್ದೆ, ಅವರು ಟೀಚರ್ರೇ ಎನ್ನುತ್ತಿದ್ದರು. ಉಡುಪಿಯ ಕಡೆಯ, ಮೊಟ್ಟೆಯನ್ನೂ ಮನೆಯೊಳಗೆ ತರದ ಕುಟುಂಬದಿಂದ ಬಂದ ನನಗೆ ಮಾಂಸದಂಗಡಿಯಲ್ಲಿ ಎಂತ ಕೆಲಸ ಎಂದು ಯಾರಿಗಾದರೂ ಅನಿಸಬೇಕು. ಕೆಲಸ ಇಟ್ಟದ್ದು ನನ್ನ ಮಗಳು. ಅವಳ ಗೆಳತಿಯ ಮನೆಯವರು ವೀಸಾ ಮುಗಿಸಿ ಊರಿಗೆ ಹೊರಟಾಗ ತಮ್ಮ ಎರಡು ಫೆರೆಟ್‌ಗಳನ್ನು ಪಂಜರದ ಸಮೇತ ಇವಳ ಕೈಗಿತ್ತು ಹೋದರು. ಮುಂಗುಸಿಯಂತೆ ಉದ್ದ ಮೈ, ಕಳ್ಳನ ಮುಖ. ಒಂದು ಬಿಸ್ಕತ್, ಇನ್ನೊಂದು ಟೋಫಿ. ಬಿಸ್ಕತ್ ಮಗಳ ತೋಳಿನೊಳಗೇ ಮಲಗುತ್ತಿತ್ತು. ಅಪ್ಪ ವಾರವಿಡೀ ಅಬುಧಾಬಿಯಲ್ಲಿ, ಅಮ್ಮ ಶಾಲೆಯಲ್ಲಿ. ಹತ್ತು ವರ್ಷದ ಆ ಒಂಟಿ ಹುಡುಗಿಗೆ ಜೊತೆ ಎಂದರೆ ಅದೇ.

ಅವಕ್ಕೆ ಹಸಿ ಮಾಂಸ, ಹಸಿ ಎಲುಬೇ ಆಗಬೇಕು ಎಂದು ಗೊತ್ತಾದಾಗ ನಾನು ದುಪಟ್ಟಾದಲ್ಲಿ ಮೂಗು ಮುಚ್ಚಿಕೊಂಡು ಮೊದಲ ಸಲ ಆ ಅಂಗಡಿಯ ಮೆಟ್ಟಿಲು ಹತ್ತಿದೆ. ಅವರು ನಗಲಿಲ್ಲ. ಅಬುಧಾಬಿಯಲ್ಲಿ ಒಬ್ಬ ಅರಬನ ಮನೆಯಲ್ಲಿ ವರ್ಷಗಟ್ಟಲೆ ಗಿಡುಗಗಳಿಗೆ ತಿನ್ನಿಸುವ ಕೆಲಸ ಮಾಡಿದ್ದರಂತೆ. ಯಾವ ಪ್ರಾಣಿಯ ಹಲ್ಲಿಗೆ ಏನು ಬೇಕು ಎಂದು ನನಗಿಂತ ಚೆನ್ನಾಗಿ ಬಲ್ಲವರು. ಕೋಳಿಯ ಕುತ್ತಿಗೆ, ರೆಕ್ಕೆ, ಒಂದು ಚೂರು ಯಕೃತ್ತು, ವಾರಕ್ಕೊಮ್ಮೆ ಲಾವಕ್ಕಿ. ಒಂದೊಂದು ದಿನದ್ದು ಒಂದೊಂದು ಪೊಟ್ಟಣ, ನಾನು ಮುಟ್ಟದೆ ನೇರ ಬಟ್ಟಲಿಗೆ ಸುರಿಯುವ ಹಾಗೆ.

"ಒಂದು ಮಾತ್ರ ನೆನಪಿಡಿ ಟೀಚರ್ರೇ," ಎಂದಿದ್ದರು. "ಬೇಯಿಸ್ಲಿಕ್ಕೆ ಹೋಗ್ಬೇಡಿ. ಹಸಿ ಎಲುಬು ಮೆತ್ತಗೆ ಇರ್ತದೆ. ಬೆಂದ್ರೆ ಗಾಜಿನ ಹಾಗೆ ಒಡೀತದೆ. ಗಿಡುಗಕ್ಕೆ ಯಾರಾದ್ರೂ ಸಾರು ಮಾಡಿ ಬಡಿಸ್ತಾರಾ?"

ನಾನೂ ನಕ್ಕಿದ್ದೆ. ಆ ಪೊಟ್ಟಣಗಳಿಗೆಂದೇ ಬಾಲ್ಕನಿಯಲ್ಲಿ ಸಣ್ಣ ಫ್ರಿಜ್ ಇಟ್ಟೆ. ಹಲವು ತಿಂಗಳು ಎಲ್ಲವೂ ಸುಸೂತ್ರವಾಗಿ ನಡೆಯಿತು. ಆಮೇಲೆ ನವರಾತ್ರಿ ಬಂತು.

ಒಳಗೆ ದೀಪ ಇಟ್ಟಿದ್ದೇನೆ, ಹೊರಗೆ ಬಟ್ಟಲಿನಲ್ಲಿ ರಕ್ತ. ಮನಸ್ಸು ಒಪ್ಪಲಿಲ್ಲ. ಒಂಬತ್ತು ದಿನ ಅವನ್ನು ಉಪವಾಸ ಕೆಡವುವ ಹಾಗೂ ಇಲ್ಲ. ಕೆಂಪು ಕಾಣದಿದ್ದರೆ ಸಾಕು ಎಂದುಕೊಂಡು, ಮಗಳು ಏಳುವ ಮೊದಲೇ ಬಾಲ್ಕನಿಯಲ್ಲಿ ವಿದ್ಯುತ್ ಒಲೆ ಹಚ್ಚಿ ಕುತ್ತಿಗೆಗಳನ್ನು ಬೇಯಿಸಿ ಹಾಕಿದೆ. ಅವರ ಮಾತು ಮರೆತಿರಲಿಲ್ಲ. ಒಂದೆರಡು ದಿನಕ್ಕೆ ಏನಾದೀತು ಎಂಬ ಧೈರ್ಯ, ಅಷ್ಟೆ.

ಮೂರನೆಯ ದಿನ ಬಿಸ್ಕತ್ ತಿನ್ನುವುದು ಬಿಟ್ಟಿತು. ಹೊಟ್ಟೆ ಮುಟ್ಟಿದರೆ ಕೀರಲು ದನಿಯಲ್ಲಿ ಅಳುತ್ತಿತ್ತು. ಪ್ರಾಣಿವೈದ್ಯರ ಬಳಿ ಓಡಿದೆವು. ಮಗಳು ಹೊರಗೆ ಕೂತಿದ್ದಾಗ ಡಾಕ್ಟರು, ಬೇಯಿಸಿದ ಎಲುಬು ಕೊಟ್ಟಿರಾ, ಚೂರು ಕರುಳಿಗೆ ಚುಚ್ಚಿದೆ, ಎಂದರು. ಹೌದು ಎಂದೆ. ಬಿಸ್ಕತ್ ಆ ಮೇಜಿನ ಮೇಲೆಯೇ ಸತ್ತಿತು.

ಹೊರಗೆ ಬಂದಾಗ ಮಗಳು ನನ್ನ ಮುಖ ನೋಡಿ ಕೇಳಿದ್ದು ಒಂದೇ, ವೈ ಮಮ್ಮಾ, ಎಂದು. ಆ ಮುಖಕ್ಕೆ ನಿಜ ಹೇಳಲು ನನ್ನಿಂದಾಗಲಿಲ್ಲ. ಅಂಗಡಿಯವರು ಎಲುಬು ದೊಡ್ಡದಾಗಿ ಕತ್ತರಿಸಿದ್ದರು, ಚುಚ್ಚಿಬಿಟ್ಟಿತು, ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಮರುದಿನ ಮಗಳು ನನ್ನ ಕೈ ಹಿಡಿದು ಎಳೆದುಕೊಂಡೇ ಅಂಗಡಿಗೆ ನಡೆದಳು. ನಿಂಬೆಯ ಹೋಳು ಇನ್ನೂ ಅವರ ಕೈಯಲ್ಲಿತ್ತು. ಅಂಕಲ್, ನೀವು ಎಲುಬು ದೊಡ್ಡದು ಕೊಟ್ಟಿರಿ, ನನ್ನ ಬಿಸ್ಕತ್ ಸತ್ತುಹೋಯಿತು, ಎಂದು ಇಂಗ್ಲಿಷಿನಲ್ಲಿ ಹೇಳಿ ಬಿಕ್ಕತೊಡಗಿದಳು.

ಅವರು ನನ್ನ ಕಡೆ ತಿರುಗಿ ಮೆಲ್ಲಗೆ, "ಬೇಯಿಸಿದ್ರಾ ಟೀಚರ್ರೇ?" ಎಂದರು.

"ಇಲ್ಲ. ನೀವು ಹೇಳಿದ ಹಾಗೆ ಹಸಿಯೇ ಕೊಟ್ಟದ್ದು."

ಸ್ವಲ್ಪ ಹೊತ್ತು ತಮ್ಮ ಕೈಗಳನ್ನೇ ನೋಡಿಕೊಂಡರು. ಆಮೇಲೆ ಕೌಂಟರ್ ದಾಟಿ ಬಂದು, ಆ ವಯಸ್ಸಿನಲ್ಲಿ, ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತರು. "ಸಾರಿ ಬೇಟಾ. ನನ್ನ ಕೈದೇ ತಪ್ಪು."

ಅಂದಿನಿಂದ ಟೋಫಿಯ ಪೊಟ್ಟಣದಲ್ಲಿ ಎಲುಬೆಲ್ಲ ಕಡಲೆಗಾತ್ರಕ್ಕೆ ಜಜ್ಜಿ ಬರುತ್ತಿತ್ತು. ಮಗಳು ಅಂಗಡಿಯೊಳಗೆ ಬರುವುದನ್ನೇ ಬಿಟ್ಟಳು, ಹೊರಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು. ಅವರು ಗಾಜಿನಾಚೆ ಆ ಬೆನ್ನನ್ನು ನೋಡುತ್ತಲೇ ನಿಂಬೆ ಉಜ್ಜುತ್ತಿದ್ದರು. ನಾನಂತೂ ನನಗೆ ಬೇಕಾದಂತೆ ಒಂದು ಸಮಾಧಾನ ಕಟ್ಟಿಕೊಂಡಿದ್ದೆ: ಇವರಿಗೆ ಎಲ್ಲ ಗೊತ್ತು, ನನ್ನ ಮಾನ ಉಳಿಸಲು ತಪ್ಪು ಹೊತ್ತುಕೊಂಡಿದ್ದಾರೆ, ಇನ್ನು ಹೇಳಿಕೊಳ್ಳುವ ಅಗತ್ಯವಾದರೂ ಏನು? ಹಾಗೆಯೇ ಒಂದೂವರೆ ವರ್ಷದ ಮೇಲಾಯಿತು.

ಈ ಸಲ ಬೇಸಿಗೆ ರಜೆ ಮುಗಿಸಿ ಊರಿನಿಂದ ಬಂದಾಗ ಕೌಂಟರಿನ ಹಿಂದೆ ಅವರ ತಮ್ಮ ನಿಂತಿದ್ದರು, ಅವರೂ ನರೆತವರೇ. ಅಣ್ಣನಿಗೆ ಎದೆನೋವು ಬಂತು, ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು, ಇಲ್ಲಿಯೇ ಮಣ್ಣು ಮಾಡಿದೆವು, ಎಂದರು. ಮತ್ತೆ ನನ್ನನ್ನು ದಿಟ್ಟಿಸಿ ಕೇಳಿದರು.

"ನೀವು ಮುಂಗುಸಿ ಟೀಚರ್ ಅಲ್ವಾ? ನಿಮ್ಮ ಎಲುಬು ಸಣ್ಣ ಮಾಡಿ ಕೊಡು ಅಂತ ಅಣ್ಣ ಹೇಳಿ ಹೋಗಿದ್ದಾರೆ. ಅವರ ಕೈಯಿಂದ ಒಂದು ಜೀವ ಹೋಯ್ತಂತೆ. ಅಷ್ಟು ವರ್ಷ ಗಿಡುಗ ಸಾಕಿದವ್ನು, ನಾನು ಎಲ್ಲಿ ತಪ್ಪಿದೆ ಅಂತ ಆಸ್ಪತ್ರೆಯಲ್ಲೂ ಕೇಳ್ತಿದ್ರು."

ಅವರಿಗೆ ಗೊತ್ತಿರಲಿಲ್ಲ. ಅವರು ನನ್ನ ಮಾತನ್ನು ನಂಬಿದ್ದರು.

ಪೊಟ್ಟಣ ಬೇಡ, ಕುತ್ತಿಗೆ ಇಡಿಯಾಗಿಯೇ ಕೊಡಿ, ಎಂದು ಕೇಳಿ ಮನೆಗೆ ತಂದೆ. ಬಾಲ್ಕನಿಯಲ್ಲಿ ಕೂತು ಜೀವನದಲ್ಲಿ ಮೊದಲ ಸಲ ಹಸಿ ಮಾಂಸ ಮುಟ್ಟಿದೆ. ತಣ್ಣಗಿತ್ತು. ಕತ್ತಿ ಹಿಡಿಯಲು ಬಾರದೆ ಬೆರಳು ಕುಯ್ದುಕೊಂಡೆ. ಟೋಫಿ ಕಾಲಬುಡದಲ್ಲಿ ಕಾಯುತ್ತಿತ್ತು. ಮಗಳು ಬಂದು ನಿಂತು, ಇದೇನು ನೀನೇ ಮಾಡುತ್ತಿದ್ದೀ ಎಂದಾಗ, ಎಲ್ಲವನ್ನೂ ಹೇಳಿದೆ. ನವರಾತ್ರಿ, ಒಲೆ, ಡಾಕ್ಟರು, ಸುಳ್ಳು.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಟೋಫಿಯನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಆಮೇಲೆ ಎಂದೂ ಇಲ್ಲದೆ ಕನ್ನಡದಲ್ಲೇ ಕೇಳಿದಳು.

"ಅಂಕಲ್‌ಗೆ ಹೇಳಿದ್ಯಾ?"

ಇಲ್ಲ ಎಂದೆ.