ಮುಖ ನೋಡಬೇಡಿ, ಮೋಟಾರ್ ಕೇಳಿ

ಬೆಳಗಿನ ಆರು ಗಂಟೆ. ಫ್ಯಾನ್ ಕಾರ್ಖಾನೆಯ ಯಂತ್ರಗಳು ಇನ್ನೂ ಎದ್ದಿಲ್ಲ. ಸದ್ದು ನುಸುಳದಂತೆ ಗೋಡೆಗೆಲ್ಲ ಹಳೇ ಹಾಸಿಗೆ ಬಡಿದಿರುವ ಕೋಣೆಯಲ್ಲಿ, ಪರದೆಯ ಹಿಂದೆ ನಿಂತ ಹೆಂಗಸು ಒಂದು ಮೋಟಾರ್ ಓಡಿಸಿ ನಿಲ್ಲಿಸುತ್ತಾರೆ. ಮತ್ತೆ ಓಡಿಸುತ್ತಾರೆ. ಕಲಿಯಲೆಂದು ಈಚೆ ಕೂತ ಐವರು ಚೀಟಿಯಲ್ಲಿ ಬರೆಯುತ್ತಾರೆ: ಮೊದಲನೆಯದು ಸರಿ, ಎರಡನೆಯದು ಕೆಟ್ಟದ್ದು.

"ಎರಡೂ ಒಂದೇ ಮೋಟಾರು ಕಣ್ರಪ್ಪಾ!" ಹಣೆ ಚಚ್ಚಿಕೊಳ್ಳುತ್ತಾ ಈಚೆ ಬರುತ್ತಾರೆ. "ಕಿವೀನ ಮನೇಲೇ ಬಿಟ್ಟು ಬಂದ್ರಾ ಹೇಗೆ?"

ಕಾರ್ಖಾನೆಗೆಲ್ಲ ಇವರು ಕಿವಿಯಕ್ಕ. ಇಪ್ಪತ್ತೆಂಟು ವರ್ಷಗಳಿಂದ ದಿನಕ್ಕೆ ನಾನ್ನೂರು ಮೋಟಾರುಗಳ ಸದ್ದು ಕೇಳಿ ಕೆಟ್ಟದ್ದನ್ನು ಹೆಕ್ಕುತ್ತಿದ್ದಾರೆ. ಫ್ಯಾನಿನ ಕೆಳಗೆ ನೆಮ್ಮದಿಯಾಗಿ ಗೊರಕೆ ಹೊಡೆಯುವ ನಮಗೆ ಇವರ ಸುದ್ದಿಯೇ ಇಲ್ಲ.

ಪರದೆ ಯಾಕೆ ಎಂದರೆ ಅಕ್ಕ ಸಿಡುಕುತ್ತಲೇ ಹೇಳುತ್ತಾರೆ. "ಮೊದಲ ವರ್ಷ ನಾನೂ ಮೇಸ್ತ್ರಿ ಮುಖ ನೋಡ್ಕೊಂಡೇ ಪಾಸ್ ಮಾಡ್ತಿದ್ದೆ. ಅವರು ರಜ ಹಾಕಿದ ದಿನ ಅರವತ್ತು ಕೆಟ್ಟ ಮೋಟಾರು ಹೊರಗೆ ಹೋದ್ವು. ಮೂರು ತಿಂಗಳು ಪ್ಯಾಕಿಂಗಿಗೆ ತಳ್ಳಿದ್ರು ನನ್ನ."

ತಿಂಗಳ ಕೊನೆಗೆ ಅಕ್ಕನಿಗೆ ನಿವೃತ್ತಿ. ತರಬೇತಿಗೆ ನಲವತ್ತು ದಿನ ಕೇಳಿದರೆ ಮ್ಯಾನೇಜರ್ ಕೊಟ್ಟದ್ದು ಹತ್ತು. ಇವತ್ತು ಕೊನೆಯದು. ಒಬ್ಬರಾದರೂ ತಯಾರಾಗದಿದ್ದರೆ ಈ ಕೋಣೆಗೆ ಬೀಗ.

"ಕೇಳೋದಕ್ಕೆ ಏನ್ರೀ ಟ್ರೈನಿಂಗು ಅಂತಾರೆ ಮ್ಯಾನೇಜರು. ಇವರಿಗೆಷ್ಟು ಕೇಳ್ಸುತ್ತೆ ಅಂತ ಇವರ ಹೆಂಡ್ತೀನ ಕೇಳಿ!"

ದಿನಕ್ಕೆ ಇಪ್ಪತ್ತು ಜೋಡಿ ಪರೀಕ್ಷೆ. ಮೊದಲು ಕೆಟ್ಟದ್ದೆಂದು ಗೊತ್ತಿರುವ ಮೋಟಾರ್ ಕೇಳಿಸಿ ಕಿವಿಗೆ ಅಳತೆ ಹಿಡಿಸುವುದು. ಆಮೇಲೆ ಚೀಟಿ ಮಡಿಸುವ ತನಕ ಯಾರೂ ತುಟಿ ಪಿಟಕ್ಕೆನ್ನುವಂತಿಲ್ಲ. ಆದರೂ ಪಕ್ಕದವರ ಚೀಟಿಯತ್ತ ಕಣ್ಣು ಜಾರುತ್ತದೆ, ಅಕ್ಕನ ಬೈಗುಳ ಶುರುವಾಗುತ್ತದೆ.

ಪರೀಕ್ಷೆಯ ಕೊನೆಗೆ, ಬೇಸತ್ತ ಅಕ್ಕ ಪರದೆ ಸರಿಸಿ ಹೊಸದೊಂದು ಮೋಟಾರ್ ಓಡಿಸುತ್ತಾರೆ. "ಇದು ಸರಿಯಿದೆ. ಹೀಗಿರಬೇಕು ಸದ್ದು."

ನಾಲ್ವರು ತಲೆಯಾಡಿಸುತ್ತಾರೆ. ಪ್ಯಾಕಿಂಗ್ ವಿಭಾಗದಿಂದ ಬಂದಾಕೆ ಮಾತ್ರ ಕದಲುವುದಿಲ್ಲ. "ಇಲ್ಲ ಅಕ್ಕ. ನಿಲ್ಲೋ ಹೊತ್ತಿಗೆ ಕೆರೀತಿದೆ."

"ನನಗೇ ಹೇಳ್ಕೊಡ್ತೀಯಾ?"

"ಕೆರೀತಿದೆ ಅಕ್ಕ."

ಅಕ್ಕ ಇನ್ನೊಮ್ಮೆ ಓಡಿಸಿ, ಕಣ್ಣು ಮುಚ್ಚಿ ಕೇಳುತ್ತಾರೆ. ಮೋಟಾರ್ ಬಿಚ್ಚುತ್ತಾರೆ. ಬೇರಿಂಗಿನೊಳಗೆ ಉಗುರಿನ ತುದಿಯಷ್ಟು ಕಬ್ಬಿಣದ ಚೂರು. ಅವರಿಗೆ ಅವಮಾನವಾಗುತ್ತದೆ, ಅದಕ್ಕಿಂತ ಹೆಚ್ಚು ಸಂತೋಷವಾಗುತ್ತದೆ.

ಎಂಟಕ್ಕೆ ಮ್ಯಾನೇಜರ್ ಕಾಗದ ಹಿಡಿದು ಬರುತ್ತಾರೆ. "ಯಾರಾದ್ರೂ ಪಾಸಾದ್ರಾ?"

"ಇವಳನ್ನ ಬರ್ಕೊಳ್ಳಿ," ಎನ್ನುತ್ತಾರೆ ಅಕ್ಕ. "ನಾನು ತಪ್ಪು ಅಂತ ನನ್ನೆದುರಿಗೇ ಹೇಳಿದಳು. ನಾನು ಗದರಿದ ಮೇಲೂ ಹೇಳಿದಳು."