ಗುರುವಾರಕ್ಕೆ ಎರಡು ಟೂಲ್

ಅಮ್ಮನ ಕಣ್ಣಿನ ಪೊರೆ ತೆಗೆಸುವುದು ಎರಡು ಸಲ ಮುಂದಕ್ಕೆ ಹೋಗಿತ್ತು. ಎರಡು ಸಲವೂ ಕಾರಣ ನಾನೇ. ಶಿವಾಜಿನಗರದ ಆ ಆಸ್ಪತ್ರೆಯಲ್ಲಿ ಪೊರೆಯ ಆಪರೇಷನ್ ಗುರುವಾರ ಮಾತ್ರ. ಇಂದಿರಾನಗರದ ನಮ್ಮ ಆಫೀಸಿನಲ್ಲಿ ಆ್ಯಪ್‌ನ ಹೊಸ ಆವೃತ್ತಿ ಬಿಡುವುದೂ ಗುರುವಾರವೇ. ಅದನ್ನು ಮೂರು ಸರ್ವರ್‌ಗಳಿಗೆ ಒಂದೊಂದಾಗಿ ಏರಿಸಿ, ಬಿದ್ದದ್ದನ್ನು ಎಬ್ಬಿಸಿ ಕೂರಿಸುವವಳು ನಾನೊಬ್ಬಳೇ.

ಈ ಕೆಲಸವನ್ನು ತಾನಾಗಿಯೇ ಮಾಡುವ ಟೂಲ್ ಹಾಕಿಸಿ, ನನಗೊಂದು ಗುರುವಾರ ಬಿಡುವು ಕೊಡಿ ಎಂದು ಮ್ಯಾನೇಜರನ್ನು ಕೇಳಿದೆ. ಅವರು ತಕ್ಷಣ ಒಪ್ಪಿದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಸಮಿತಿಯಾಯಿತು. ಕಣದಲ್ಲಿ ಎರಡು ಟೂಲ್. ಒಂದು, ಸಾವಿರಾರು ಸರ್ವರ್ ಇರುವ ಕಂಪನಿಗಳು ಬಳಸುವ ದೈತ್ಯ. ಕಲಿಯಲು ತಿಂಗಳುಗಳೇ ಬೇಕು. ಇನ್ನೊಂದು ಚಿಕ್ಕದು, ವಾರದಲ್ಲಿ ಕೈಗೆ ಬರುತ್ತದೆ. ನಮ್ಮ ಮೂರು ಸರ್ವರ್‌ಗೆ ಚಿಕ್ಕದೇ ಧಾರಾಳವಾಯಿತು ಎಂದೆ.

"ನಾಳೆ ನಾವು ಬೆಳೆದ್ಬಿಟ್ರೆ ಏನ್ರೀ ಮಾಡ್ತೀರಾ?" ಎಂದರು ಮ್ಯಾನೇಜರ್.

ಪಕ್ಕದಲ್ಲಿದ್ದ ಸಹೋದ್ಯೋಗಿ ತನ್ನ ಗೆಳೆಯನ ಕಿವಿಯಲ್ಲಿ, "ಚಿಕ್ಕದನ್ನ ಕಲಿತ್ರೆ ರೆಸ್ಯೂಮ್‌ಗೆ ಏನ್ ಹಾಕೋದು ಗುರು?" ಎಂದ. ಇಬ್ಬರ ಉಪ್ಪಿಟ್ಟಿಗೆ ಮದುವೆಮನೆಯ ಕೊಪ್ಪರಿಗೆ ಯಾಕೆ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದು ಹಾಗೇ ವಾಪಸು ಹೋಯಿತು.

ಹೋಲಿಕೆಯ ಶೀಟ್ ತಯಾರಾಯಿತು. ವೇಗಕ್ಕೆ ಅಂಕ, ಭದ್ರತೆಗೆ ಅಂಕ, ಕೊನೆಗೆ ಲೋಗೋದ ಅಂದಕ್ಕೂ ಅಂಕ. ವಾರಗಟ್ಟಲೆ ಚರ್ಚಿಸಿದ ಮೇಲೆ, ಯಾರಿಗೂ ಬೇಜಾರಾಗದಿರಲೆಂದು, ಎರಡನ್ನೂ ಒಟ್ಟಿಗೆ ಓಡಿಸಿ ನೋಡುವುದೆಂದು ತೀರ್ಮಾನವಾಯಿತು. ಮೊದಲ ಪರೀಕ್ಷೆ ಗುರುವಾರ. ಶೀಟಿನ ಕೊನೆಯ ಕಾಲಂನಲ್ಲಿ 'ನೋಡಿಕೊಳ್ಳುವವರು' ಎಂದಿತ್ತು. ಎರಡು ಟೂಲ್‌ಗಳ ಎದುರಿಗೂ ನನ್ನದೇ ಹೆಸರು.

ಅಮ್ಮನಿಗೆ ಆಸ್ಪತ್ರೆಯವರು ಮೂರನೇ ಸಲ ಕೊಟ್ಟಿದ್ದ ದಿನವೂ ಅದೇ. ನಾನು ಆಫೀಸಿಗೇ ಹೋದೆ. ಸಂಜೆ ರಾಮಮೂರ್ತಿ ನಗರದ ಮನೆಗೆ ಬಂದರೆ, ಅಮ್ಮ ಒಂದು ಕಣ್ಣಿಗೆ ಪಟ್ಟಿ ಹಾಕಿಸಿಕೊಂಡು ಮಂಚದ ಮೇಲೆ ಕೂತಿದ್ದಾಳೆ! ಕೆಳಗಿನ ಬಾಡಿಗೆ ಮನೆಯ ಕಲಬುರಗಿಯ ಅಕ್ಕ ಗಾರ್ಮೆಂಟ್ಸ್ ಕೆಲಸಕ್ಕೆ ರಜೆ ಹಾಕಿ ಕರೆದುಕೊಂಡು ಹೋಗಿದ್ದರಂತೆ. ಅವರಿಗೆ ಸಮಿತಿ ಬೇಕಾಗಲಿಲ್ಲ. ನಾಚಿಕೆಯಿಂದ ನನಗೆ ಅಮ್ಮನ ಮುಖ ನೋಡಲಾಗಲಿಲ್ಲ.

"ನಿನ್ ಕೆಲಸ ಮಾಡೋ ಮಷೀನು ಸಿಕ್ತೇನೇ?" ಎಂದು ಕೇಳಿದಳು.

"ಎರಡು ಸಿಕ್ಕಿದೆ ಅಮ್ಮಾ."

"ಒಳ್ಳೇದಾಯ್ತು ಬಿಡು. ಹಾಗಾದ್ರೆ ಇನ್ನೊಂದು ಕಣ್ಣಿಗೆ ನೀನೇ ಬರ್ತೀಯಲ್ಲ?"

ಅವಳು ಅದನ್ನು ಕೊಂಕಿಲ್ಲದೆ, ನಿಜವಾಗಿ ನಂಬಿ ಕೇಳಿದಳು. ನಾನು ಅಲ್ಲೇ ಫೋನಿನಲ್ಲಿ ಶೀಟ್ ತೆರೆದು ಎರಡೂ ಕಡೆ ನನ್ನ ಹೆಸರು ಅಳಿಸಿದೆ. ಐದೇ ನಿಮಿಷಕ್ಕೆ ಮ್ಯಾನೇಜರ್ ಮೆಸೇಜ್ ಬಂತು: "ಇದೇನ್ರೀ ಇದು? ನೀವಿಲ್ದೆ ಗುರುವಾರ ಯಾರ್ ನೋಡ್ಕೋತಾರೆ?"

"ಎರಡೆರಡು ಟೂಲ್ ಇದಾವಲ್ಲ ಸಾರ್. ಅಮ್ಮಂಗೆ ನಾನೊಬ್ಳೇ ಇರೋದು" ಎಂದು ಬರೆದು ಫೋನ್ ಆಫ್ ಮಾಡಿದೆ.