ಅಳಿಸದೆ ಉಳಿದ ಐವತ್ತು ಮತಗಳು

ನಗರದ ಕೇಂದ್ರ ಗ್ರಂಥಾಲಯದಲ್ಲಿ ಮೂವತ್ನಾಲ್ಕು ವರ್ಷ ಸೇವೆ ಸಲ್ಲಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಉಪಮುಖ್ಯ ಗ್ರಂಥಪಾಲಕಿಯವರನ್ನು ಪುಸ್ತಕ ಓದುವವರೆಲ್ಲ ಬಲ್ಲರು. ಮತ ಹಾಕುವವರು ಇನ್ನೂ ಚೆನ್ನಾಗಿ ಬಲ್ಲರು. ಚುನಾವಣೆ ಬಂದಾಗಲೆಲ್ಲ ಮತಗಟ್ಟೆಯ ಅಧ್ಯಕ್ಷಾಧಿಕಾರಿಯ ಹೊಣೆ ಅವರ ಹೆಗಲಿಗೇ ಬೀಳುತ್ತಿತ್ತು. ಏನನ್ನೇ ಎಣಿಸಿಕೊಟ್ಟರೂ "ಇನ್ನೊಂದ್ಸಲ" ಎನ್ನುತ್ತಿದ್ದ ಕಾರಣ ಊರು ಅವರಿಗಿಟ್ಟ ಹೆಸರು 'ಇನ್ನೊಂದ್ಸಲ ಮೇಡಂ'. ಅವರ ಕೈಕೆಳಗೆ ಕೆಲಸ ಕಲಿತ ಈ ಲೇಖಕನೂ ಹಾಗೆಯೇ ಕರೆಯುತ್ತಿದ್ದ, ಬೆನ್ನ ಹಿಂದೆ ಮಾತ್ರ.

ಕಾಗದದ ಮತಪತ್ರಗಳ ಕಾಲದಲ್ಲಿ ಅವರು ಪಾಲಿಸುತ್ತಿದ್ದ ಪದ್ಧತಿಯೊಂದು ಉಲ್ಲೇಖಾರ್ಹ. ಮತದಾನಕ್ಕೆ ಮುನ್ನ ತಗಡಿನ ಪೆಟ್ಟಿಗೆಯನ್ನು ಬೋರಲು ಹಾಕಿ ತಟ್ಟಿ ತೋರಿಸುವುದು ಎಲ್ಲರೂ ಮಾಡುವ ಕೆಲಸ. ಮೇಡಂ ಅಷ್ಟಕ್ಕೇ ಬಿಡದೆ, ಮೊಣಕೈವರೆಗೆ ಕೈ ಇಳಿಸಿ ಒಳಗೆಲ್ಲ ತಡವಿ, ಬಳಿಕ ಅಭ್ಯರ್ಥಿಗಳ ಏಜೆಂಟರ ಕೈಯನ್ನೂ ಒಬ್ಬೊಬ್ಬರದಾಗಿ ಒಳಗೆ ಹಾಕಿಸುತ್ತಿದ್ದರು.

"ಏನ್ ಮೇಡಂ, ಉಂಗುರ ಗಿಂಗುರ ಕಳ್ಕೊಂಡಿದೀರಾ?" ಎಂದು ಏಜೆಂಟನೊಬ್ಬ ಒಮ್ಮೆ ಕಿಚಾಯಿಸಿದ.

"ನಗೋದು ಆಮೇಲೆ. ಇನ್ನೊಂದ್ಸಲ ಹಾಕಿ ಕೈ," ಎಂದರಂತೆ ಇವರು.

ಈ ಲೇಖಕ ಕೆಲಸಕ್ಕೆ ಸೇರಿದ ಮೊದಲ ವಾರ ಪುಸ್ತಕಸೂಚಿಯ ಒಂದು ಖಾನೆಯನ್ನು ಎತ್ತಲು ಹೋಗಿ ಸಾವಿರ ಕಾರ್ಡುಗಳನ್ನು ನೆಲದ ಮೇಲೆ ಚೆಲ್ಲಿಬಿಟ್ಟ. ಬೈಗುಳಕ್ಕೆ ಕಾದು ನಿಂತಿದ್ದವನ ಪಕ್ಕದಲ್ಲಿ ಅವರು ನೆಲಕ್ಕೇ ಕುಳಿತು, ಸಂಜೆಯವರೆಗೆ ಅವನ್ನು ಅಕಾರಾದಿಯಾಗಿ ಜೋಡಿಸಿದರು. ಅಂದು ಅವರು ಒಂದು ಗಡಸು ಮಾತನ್ನೂ ಆಡಲಿಲ್ಲ.

ಮತಯಂತ್ರಗಳು ಬಂದ ವರ್ಷ ನಮ್ಮ ಸಿಬ್ಬಂದಿ ಕೊಠಡಿ ಎರಡು ಬಣವಾಯಿತು. ಕೈಯಲ್ಲಿ ಹಿಡಿದು ನೋಡಬಹುದಾದ ಕಾಗದವೇ ನಂಬಿಕೆಗೆ ಅರ್ಹವೆಂದು ಹಿರಿಯರು, ಹರಿದುಹೋಗುವ ಕಾಗದಕ್ಕಿಂತ ಯಂತ್ರವೇ ಮೇಲೆಂದು ಕಿರಿಯರು. ಮೇಡಂ ಎರಡೂ ಕಡೆಯವರ ಬಾಯಿ ಮುಚ್ಚಿಸಿದರು: "ಪೆಟ್ಟಿಗೆ ಆಗ್ಲಿ, ಮಿಷನ್ ಆಗ್ಲಿ, ಶುರು ಮಾಡೋ ಮುಂಚೆ ಖಾಲಿ ಅಂತ ತೋರಿಸ್ಬೇಕು. ಮಿಕ್ಕಿದ್ದೆಲ್ಲ ಆಮೇಲೆ."

ಹಾಗೆಂದವರ ಮತಗಟ್ಟೆಯಲ್ಲಿಯೇ, ಅದೇ ವರ್ಷ, ಅದು ನಡೆದುಹೋಯಿತು.

ಯಂತ್ರ ಸರಿಯಿದೆಯೆಂದು ತೋರಿಸಲು ಬೆಳಗ್ಗೆ ಏಜೆಂಟರಿಂದಲೇ ಐವತ್ತು ಅಣಕು ಮತ ಹಾಕಿಸಿ, ಫಲಿತಾಂಶ ತೋರಿಸಿ, ಆಮೇಲೆ 'ಕ್ಲಿಯರ್' ಗುಂಡಿ ಒತ್ತಿ ಎಲ್ಲವನ್ನೂ ಅಳಿಸಿ ಸೊನ್ನೆ ತೋರಿಸಬೇಕು. ಫಲಿತಾಂಶ ತೋರಿಸುವವರೆಗೆ ಎಲ್ಲ ಸುಸೂತ್ರವಾಗಿತ್ತು. ಅಷ್ಟರಲ್ಲಿ ವಯಸ್ಸಾದ ಏಜೆಂಟರೊಬ್ಬರು ತಲೆಸುತ್ತಿ ಕುಸಿದರು. ಮೇಡಂ ಆ ಹಿರಿಯರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಖಕ್ಕೆ ನೀರು ಚಿಮುಕಿಸುತ್ತಲೇ ಯಂತ್ರದ ಬಳಿಯಿದ್ದ ಸಹಾಯಕನನ್ನು ಕೇಳಿದರು: "ಕ್ಲಿಯರ್ ಮಾಡಿದ್ಯಾ?"

"ಆಯ್ತು ಮೇಡಂ," ಎಂದ ಅವನು. ಹೊರಗೆ ಸಾಲು ಗೇಟು ದಾಟಿತ್ತು. ಇನ್ನೊಂದ್ಸಲ ಮೇಡಂ ಇರುವಾಗ ನೋಡುವುದೇನಿದೆ ಎಂದು ಏಜೆಂಟರು ಯಂತ್ರ ಖಾಲಿಯಿದೆಯೆಂಬ ಪತ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕಿದರು. ಮತದಾನ ಶುರುವಾಯಿತು.

ಸಂಜೆ ರಿಜಿಸ್ಟರಿನಲ್ಲಿ ಆರುನೂರ ಹನ್ನೆರಡು ಸಹಿಗಳಿದ್ದವು. ಯಂತ್ರ ಆರುನೂರ ಅರವತ್ತೆರಡು ಎಂದಿತು.

"ಐವತ್ತು ಓಟು ಎಲ್ಲಿಂದ ಬಂತು ಮೇಡಂ?" ಎಂದ ಒಬ್ಬ ಏಜೆಂಟ. "ನಿಮ್ಮನ್ನೂ ನಂಬೋ ಹಾಗಿಲ್ವಾ?"

ಸಹಾಯಕನಿಗೆ ಬೆಳಗ್ಗೆ ಯಂತ್ರದ ಮುಚ್ಚಳ ಮುಚ್ಚಿದ್ದು ನೆನಪಿತ್ತು. ಗುಂಡಿ ಒತ್ತಿದ್ದು ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ತಪ್ಪೊಪ್ಪುವ ಬದಲು ರಿಜಿಸ್ಟರಿನ ಸಹಿಗಳನ್ನು ಮತ್ತೆ ಎಣಿಸತೊಡಗಿದ. ಅವನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೇಡಂ ಅವನತ್ತ ಒಮ್ಮೆ ನೋಡಿದರು. ಆಮೇಲೆ ಅಧ್ಯಕ್ಷಾಧಿಕಾರಿಯ ದಿನಚರಿ ಬಿಡಿಸಿ ದುಂಡು ಅಕ್ಷರಗಳಲ್ಲಿ ಬರೆದರು: 'ಅಣಕು ಮತಗಳನ್ನು ಅಳಿಸದೆ ಮತದಾನ ಆರಂಭಿಸಿದ್ದು ನನ್ನ ತಪ್ಪು.'

ಮರುಮತದಾನವಾಯಿತು. ಮೇಡಂ ಆರು ತಿಂಗಳು ಅಮಾನತಿನಲ್ಲಿದ್ದರು. ಕೈಗೆ ಬಂದಿದ್ದ ಮುಖ್ಯ ಗ್ರಂಥಪಾಲಕಿಯ ಹುದ್ದೆ ತಪ್ಪಿಹೋಯಿತು. "ನಿಮ್ಮಮ್ಮ ಓಟು ಮಾರ್ಕೊಂಡ್ರಂತೆ ಹೌದಾ?" ಎಂದು ಅವರ ಮಗಳನ್ನು ಶಾಲೆಯಲ್ಲಿ ಕೇಳಿದರಂತೆ. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನಾ ಸಂಪುಟದ ಉಳಿದ ಲೇಖನಗಳೆಲ್ಲ ಆ ಪ್ರಸಂಗವನ್ನು ನಾಜೂಕಾಗಿ ದಾಟಿಹೋಗಿವೆ. ಈ ಲೇಖಕ ದಾಟಲಾರ. ಆ ಸಹಾಯಕ ನಾನೇ. ಹನ್ನೊಂದು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಸಂಬಳ ತಿಂದವನು ನಾನು.

ನನ್ನನ್ನು ಉಳಿಸಲು ಅವರು ಅಂದು ಸುಳ್ಳು ಬರೆದರೆಂದೇ ನಾನು ಇಷ್ಟು ವರ್ಷ ನಂಬಿದ್ದೆ. ಕಳೆದ ವಾರ ಈ ಲೇಖನದ ಕರಡನ್ನು ಅವರ ಮನೆಗೆ ಒಯ್ದು ಕೊಟ್ಟೆ. ಕನ್ನಡಕ ಏರಿಸಿ ಓದಿದರು. ಅಲ್ಲಿ ನಾನು 'ನನಗಾಗಿ ಸುಳ್ಳು ಬರೆದ ಮಹಾತಾಯಿ' ಎಂದು ಬರೆದಿದ್ದೆ. ಅವರ ಮುಖ ಕೆಂಪಾಯಿತು.

"ಸುಳ್ಳಾ? ಸರ್ಕಾರಿ ದಿನಚರೀಲಿ ನಾನು ಸುಳ್ಳು ಬರೀತೀನಾ?"

"ಗುಂಡಿ ಒತ್ತದೇ ಇದ್ದೋನು ನಾನಲ್ವಾ ಮೇಡಂ?"

"ಅದು ಆವತ್ತೇ ನಿನ್ನ ಮುಖ ನೋಡಿದಾಗ್ಲೇ ಗೊತ್ತಾಯ್ತು. ನೀನು ಹೊಸಬ, ಮರೆತೆ. ಮರೀತಾರೆ ಅಂತಾನೇ ಅಲ್ವೇನಪ್ಪ ಅಲ್ಲಿ ನನ್ನ ಕೂರಿಸಿದ್ದು? ಇಡೀ ಜನ್ಮದಲ್ಲಿ ಆವತ್ತೊಂದು ದಿನ ನಾನು ಇನ್ನೊಂದ್ಸಲ ಅನ್ನಲಿಲ್ಲ."

 ದಿನಚರಿಯ ಆ ಸಾಲು ಕರುಣೆಯೆಂದು ತಿಳಿದು ನಾನು ಹನ್ನೊಂದು ವರ್ಷ ಕುಗ್ಗಿದ್ದೆ. ಅವರಿಗೆ ಅದು ಬರಿಯ ಸತ್ಯವಾಗಿತ್ತು. ಆ ಮಾತಿನ ಆಘಾತದಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ. ಅವರು ಪೆನ್ನು ತೆಗೆದು 'ಸುಳ್ಳು' ಎಂಬಲ್ಲಿ ಗೀಟೆಳೆದು ಕರಡು ವಾಪಸು ಕೊಟ್ಟರು. ಆ ತಿದ್ದುಪಡಿಯನ್ನು ಒಪ್ಪಿ, ನನ್ನ ತಪ್ಪನ್ನೂ ಅದರ ಪಕ್ಕದಲ್ಲಿಯೇ ಇಲ್ಲಿ ಅಚ್ಚಿಗೆ ಕೊಡುತ್ತಿದ್ದೇನೆ.

ಮುಂದಿನ ಚುನಾವಣೆಗೆ ಹೊಸ ಸಿಬ್ಬಂದಿಗೆ ತರಬೇತಿ ಕೊಡಲು ಮೇಡಂ ಒಪ್ಪಿದ್ದಾರೆ. ಅವರಿಗೆ ದೀರ್ಘಾಯುಸ್ಸು, ಗಟ್ಟಿ ದನಿ, ಚುರುಕು ಕಣ್ಣು ಇರಲಿ. ಮೊದಲ ಸಾಲಿನಲ್ಲಿ ನಾನಿರುತ್ತೇನೆ. ಎಲ್ಲರೆದುರು ಅವರು ನನ್ನನ್ನೇ ಎಬ್ಬಿಸಿ, "ಕ್ಲಿಯರ್ ಮಾಡಿದ್ಯಾ?" ಎಂದು ಕೇಳಲಿ, ನಾನು ಆಯ್ತು ಎಂದಾಗ ಅವರು ನಂಬದಿರಲಿ.